ಎಡಗೈ ಕಡೆಯ ಲೋಟ

ಮಳವಳ್ಳಿ

ಅತ್ತೆಯವರಿಗೆ, ಗೋಡೆಯ ಈಚೆಯಿಂದ ನಿಮ್ಮ ಸೊಸೆ ರಂಜಿತಳ ನಮಸ್ಕಾರ.

ನೀವು ಊಟ ಮುಗಿಸಿ ನಡುಮನೆಯಲ್ಲಿ ಮಲಗಿದ್ದೀರಿ. ನಾನು ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ. ಒಂದೇ ಮನೆಯಲ್ಲಿರುವವರಿಗೆ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ನಗಬೇಡಿ. ಸ್ಟ್ರೋಕ್ ಆದಾಗಿನಿಂದ ನಿಮ್ಮ ಬಲಗೈ ಏಳುತ್ತಿಲ್ಲ, ಓದಲೂ ಆಗುತ್ತಿಲ್ಲ, ಆದರೆ ಹೇಳಿದ್ದು ತಿಳಿಯುತ್ತದೆ. ಎದ್ದ ಮೇಲೆ ನಾನೇ ನಿಧಾನವಾಗಿ ಓದುತ್ತೇನೆ. ಬರೆದುಕೊಳ್ಳದೆ ಬಾಯಲ್ಲೇ ಹೇಳಲು ಹೋದರೆ ಅರ್ಧಕ್ಕೇ ಅತ್ತು ನಿಲ್ಲಿಸಿಬಿಡುತ್ತೇನೆ. ಆಮೇಲೆ ನನ್ನನ್ನು ಸಮಾಧಾನ ಮಾಡುವ ಕೆಲಸವೂ ನಿಮ್ಮ ತಲೆಗೇ ಬರುತ್ತದೆ.

ನಾಳೆ ನಿಮ್ಮನ್ನು ಮಂಡ್ಯಕ್ಕೆ ಕರೆದುಕೊಂಡು ಹೋಗಿ ಇನ್ನೊಂದು ಸಲ ಸ್ಕ್ಯಾನ್ ಮಾಡಿಸಬೇಕೆಂದು ನಿಮ್ಮ ಮಗ ಹಟ ಹಿಡಿದಿದ್ದಾರೆ. ಒಂದೊಂದೇ ಮಾತು ಆಡತೊಡಗಿದ್ದ ಅಮ್ಮ ಈಗ ಬಾಯೇ ಬಿಡುತ್ತಿಲ್ಲ, ತಲೆಯಲ್ಲಿ ಮತ್ತೇನೋ ಆಗಿದೆ ಎಂದು ಸುದರ್ಶನ್‌ಗೆ ದಿಗಿಲು. ನಿನ್ನೆ ಬ್ಲಫ್‌ನ ಪವರ್‌ಹೌಸಿನಲ್ಲಿ ಡ್ಯೂಟಿ ಮುಗಿಸಿ ಬಂದವರು ಶೂ ಕೂಡ ಬಿಚ್ಚದೆ ನಿಮ್ಮ ಮಂಚದ ಪಕ್ಕ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದೆ. ನೀವು ಯಾಕೆ ಮಾತು ಬಿಟ್ಟಿರಿ ಎಂದು ಈ ಮನೆಯಲ್ಲಿ ಗೊತ್ತಿರುವುದು ಇಬ್ಬರಿಗೆ. ನಿಮಗೆ ಹೇಳಲಾಗುವುದಿಲ್ಲ, ನಾನು ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ದೀಪಶ್ರೀ ಮೇಡಂ ಮೊದಲ ದಿನವೇ ಬಿಡಿಸಿ ಹೇಳಿದ್ದರು. ಏನು ಬೇಕೋ ತಕ್ಷಣ ಕೈಗೆ ಕೊಡಬೇಡಿ, ಸ್ವಲ್ಪ ಕಾಯಿರಿ, ಅವರೇ ಕೇಳಲು ಪ್ರಯತ್ನ ಪಡಲಿ. ಮನೆಯಲ್ಲಿ ಅಯ್ಯಂಗಾರ್ ತಮಿಳು, ಹೊರಗೆ ಕನ್ನಡ ಎಂದು ಸುದರ್ಶನ್ ಹೇಳಿದಾಗ ಅವರು ನನ್ನ ಕಡೆ ತಿರುಗಿ, "ಹಗಲೆಲ್ಲ ಜೊತೇಲಿರೋರು ನೀವು. ಯಾವ ಭಾಷೇಲಿ ಬಂದ್ರೂ ಅದು ಮಾತೇ. ಅರ್ಧ ಮಾತು ಬಂದ್ರೂ ಕೊಟ್ಟುಬಿಡಿ," ಎಂದರು. ನಾನು ಶಾಲೆಯ ಮಕ್ಕಳ ಹಾಗೆ ತಲೆಯಾಡಿಸಿದೆ. ಮನೆಗೆ ಬಂದು ಮೊದಲರ್ಧ ಮಾತ್ರ ಪಾಲಿಸಿದೆ.

ನೀವು "ತೀರ್ಥಂ" ಎಂದಿರಿ. ನಮ್ಮ ಕೆರಗೋಡಿನಲ್ಲಿ ತೀರ್ಥವೆಂದರೆ ಪೂಜಾರಿ ಅಂಗೈಗೆ ಹಾಕುವ ಒಂದು ಚಮಚ. ನಿಮ್ಮ ಮನೆಯಲ್ಲಿ ಅದನ್ನು ಲೋಟಗಟ್ಟಲೆ ಕುಡಿಯುತ್ತೀರಿ ಎಂದು ಮದುವೆಯಾದ ಹೊಸದರಲ್ಲಿ ಅಮ್ಮನ ಹತ್ತಿರ ಹೇಳಿಕೊಂಡು ನಕ್ಕಿದ್ದೆ. ನೀವು ಕೇಳುತ್ತಿರುವುದು ನೀರು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಲೋಟ ಹಿಡಿದುಕೊಂಡೇ ನಿಂತು, "ನೀರು ಅನ್ನಿ. ಕನ್ನಡದಲ್ಲೇ ಹೇಳಿ ಅತ್ತೆ," ಎಂದೆ. ನೀವು ಮತ್ತೆ ತೀರ್ಥಂ ಎಂದಿರಿ. ನಾನು ಮತ್ತೆ ಇಲ್ಲವೆಂದು ತಲೆಯಾಡಿಸಿದೆ. ದಿನವೂ ಇದೇ ಆಯಿತು. ಒಂದೆರಡು ಸಲ ತುಂಬಿದ ಲೋಟವನ್ನು ವಾಪಸ್ ತಂದು ಈ ಕಟ್ಟೆಯ ಮೇಲೆ ಇಟ್ಟಿದ್ದೂ ಉಂಟು. ಮದ್ದೂರಿನಿಂದ ನೋಡಲು ಬಂದ ನಿಮ್ಮ ತಮ್ಮ ಕಿಟ್ಟು ಮಾಮ, ಟೀಚರ್ ಕೆಲಸಕ್ಕೆ ರಜೆ ಹಾಕಿ ಅತ್ತೆಗೆ ಪಾಠ ಹೇಳುವ ಇಂಥ ಸೊಸೆ ಯಾರಿಗುಂಟು ಎಂದು ಹೊಗಳಿದರು. ನಾನು ಅವರಿಗೆ ಕಾಫಿ ಕೊಟ್ಟೆ. ಅವರೇನೂ ಕೇಳದೆಯೇ ಕೊಟ್ಟೆ ಎನ್ನುವುದು ಈಗ ನೆನಪಾಗುತ್ತಿದೆ.

ಕನ್ನಡದಲ್ಲೇ ಹೇಳಿ ಎನ್ನುವ ಮಾತು ನನ್ನದಲ್ಲ, ನಿಮ್ಮದು. ಜಾತಿ ಬಿಟ್ಟು ಮದುವೆಯಾಗಿ ಬಂದ ನನ್ನನ್ನು ನೀವು ಒಂದು ದಿನವೂ ನೋಯಿಸಲಿಲ್ಲ. ಎಲೆ ಹಾಕಿ ಪಕ್ಕದಲ್ಲೇ ಕೂರಿಸಿಕೊಂಡಿರಿ. ಆದರೆ ನಾನು ಆಸೆಯಿಂದ ಕಲಿತುಕೊಂಡು, ಸಾರು ಬಡಿಸುವಾಗ ನಿಮ್ಮ ಹಾಗೆಯೇ "ಸಾತ್ತಮುದು" ಎಂದಾಗ, "ನಿನಗ್ಯಾಕಮ್ಮ ಆ ಕಷ್ಟ, ಕನ್ನಡದಲ್ಲೇ ಹೇಳು," ಎಂದಿರಿ. ಪ್ರೀತಿಯಿಂದಲೇ ಹೇಳಿದ್ದು. ನನಗೆ ಮಾತ್ರ ಬಾಗಿಲು ಹಾಕಿದಂತಾಯಿತು. ಆಮೇಲೆ ತಾಯಿ ಮಗ ತಮಿಳಿನಲ್ಲಿ ನಕ್ಕಾಗಲೆಲ್ಲ ಸೌಟು ಹಿಡಿದು ನಿಂತ ನನ್ನ ಮುಖ ಬಿಸಿಯಾಗುತ್ತಿತ್ತು. ಇಷ್ಟು ವರ್ಷದಲ್ಲಿ ಕೇಳಿ ಕೇಳಿಯೇ ನನಗೆ ನಿಮ್ಮ ತಮಿಳು ಪೂರಾ ಅರ್ಥವಾಗುತ್ತದೆ, ಅತ್ತೆ. ಬೇಕೆಂದೇ ತೋರಿಸಿಕೊಳ್ಳಲಿಲ್ಲ. ನೀವು ನಗುತ್ತಿದ್ದದ್ದು ನನ್ನನ್ನು ನೋಡಿ ಅಲ್ಲ, ಬ್ಲಫ್ ಕ್ವಾರ್ಟರ್ಸಿನಲ್ಲಿ ಕೋತಿಗಳು ಮಾವನವರ ಪಂಚೆ ಹೊತ್ತುಕೊಂಡು ಹೋದದ್ದಕ್ಕೆ ಎನ್ನುವುದೂ ಗೊತ್ತಿತ್ತು. ಗೊತ್ತಿದ್ದರೂ ಆ ಉರಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ. ನಿಮಗೆ ಮಾತು ಹೋದ ದಿನ, ಇನ್ನು ಬರುವುದಾದರೆ ನನ್ನ ಭಾಷೆಯಲ್ಲಿ ಬರಲಿ, ಮೊದಲು ನನ್ನ ಜೊತೆ ಆಡಲಿ ಎಂದು ಮನಸ್ಸಿನಲ್ಲಿ ಬಂತು. ಅದಕ್ಕೆ ಟ್ರೀಟ್‌ಮೆಂಟು ಎಂದು ಹೆಸರಿಟ್ಟೆ.

ನೀವು ಕೇಳುವುದನ್ನೇ ಬಿಟ್ಟಿರಿ. ಮೊದಲು ನೀರು, ಆಮೇಲೆ ಎಲ್ಲವನ್ನೂ.

ಹೋದ ಭಾನುವಾರ ನಮ್ಮಮ್ಮ ಕೆರಗೋಡಿನಿಂದ ಸೊಪ್ಪು, ಅವರೆಕಾಯಿ ಹಿಡಿದುಕೊಂಡು ಬಂದಾಗ ನಾನು ನಿಮ್ಮ ಮುಂದೆ ಲೋಟ ಹಿಡಿದು ನಿಂತಿದ್ದೆ. ಬಾಗಿಲಲ್ಲೇ ನಿಂತು ನೋಡಿದಳು. "ಏನ್ ರಂಜಿ ಇದು? ಕೊಟ್ಗೇಲಿರೋ ದನಕ್ಕೂ ಕೇಳ್ದಲೇ ನೀರು ಮಡಗ್ತೀವಿ ಕಣಮ್ಮ. ನಿಮ್ಮತ್ತೆ ಲೋಟಾನೇ ನೋಡ್ತಾವ್ರೆ, ನೀನು ಇಡ್ಕಂಡ್ ನಿಂತಿದ್ದೀಯಲ್ಲ. ಕೊಡ್ ಇತ್ಲಾಗೆ." ನನ್ನ ಕೈಯಿಂದ ಕಿತ್ತುಕೊಂಡು ತಾನೇ ಕುಡಿಸಿದಳು. ನೀವು ಕುಡಿದು ಅವಳ ಕೈಯನ್ನು ಎಡಗೈಯಿಂದ ಹಿಡಿದುಕೊಂಡಿರಿ. ಆ ಸಂಜೆ ಸುದರ್ಶನ್ ಬಂದರು. ಮಾತು ಬರದಿದ್ದರೂ ನೀವು ಲೋಟ ತೋರಿಸಿ, ನನ್ನ ಕಡೆ ಬೆರಳು ಮಾಡಿ ದೂರು ಹೇಳಬಹುದಿತ್ತು. ಮಗ ಏನಾದರೂ ಬೇಕಾ ಎಂದು ಕೇಳಿದಾಗ ನೀವು ನನ್ನನ್ನು ಒಮ್ಮೆ ನೋಡಿ, ಬೇಡವೆಂದು ತಲೆಯಾಡಿಸಿದಿರಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನನ್ನು ಕಾಪಾಡಿದ್ದನ್ನು ತಡೆದುಕೊಳ್ಳಲು ಆಗುತ್ತಿಲ್ಲ.

ಇವತ್ತು ಸಂಜೆ ಸುದರ್ಶನ್ ಬರುತ್ತಲೇ ಎಲ್ಲ ಹೇಳುತ್ತೇನೆ. ಅವರು ನನ್ನ ಜೊತೆ ಮಾತು ಬಿಡಬಹುದು, ಬಿಡಲಿ. ನಾಳೆ ದೀಪಶ್ರೀ ಮೇಡಂಗೂ ಹೇಳುತ್ತೇನೆ. ಸ್ಕ್ಯಾನ್ ಬೇಕೋ ಬೇಡವೋ ಡಾಕ್ಟರು ತೀರ್ಮಾನಿಸಲಿ. ನಿಜ ಗೊತ್ತಿಲ್ಲದೆ ನಿಮ್ಮನ್ನು ಆ ಮಿಷನ್ನಿನೊಳಗೆ ಮಲಗಿಸುವುದು ಬೇಡ.

ಇದನ್ನು ಓದಿ ಮುಗಿಸಿದ ಮೇಲೆ ನನ್ನನ್ನು ಬೈಯಿರಿ, ಅತ್ತೆ. ತಮಿಳಿನಲ್ಲೇ ಬೈಯಿರಿ. ಅರ್ಧ ಮಾತು ಬಂದರೂ ಸಾಕು, ಮಿಕ್ಕಿದ್ದನ್ನು ನಾನು ತುಂಬಿಕೊಳ್ಳುತ್ತೇನೆ. ಕ್ಷಮಿಸಲೇಬೇಕೆಂದು ಕೇಳುವ ಮುಖ ನನಗಿಲ್ಲ.

ಮಂಚದ ಪಕ್ಕದ ಸ್ಟೂಲನ್ನು ನಿಮ್ಮ ಎಡಗಡೆಗೆ ಎಳೆದು, ಲೋಟ ತುಂಬಿಸಿ ಇಟ್ಟಿದ್ದೇನೆ. ಕೈ ಚಾಚಿದರೆ ಸಿಗುತ್ತದೆ. ಅದಕ್ಕೆ ಇನ್ನು ಯಾವ ಭಾಷೆಯಲ್ಲೂ ನೀವು ಕೇಳಬೇಕಾಗಿಲ್ಲ.

ನಿಮ್ಮ ಮಾತು ನಿಮ್ಮ ಬಾಯಿಗೆ ನಿಮ್ಮದಾಗಿಯೇ ಬರಲಿ ಎಂದು ಕಾಲಿಗೆ ಬಿದ್ದು ಬೇಡುವ,

ನಿಮ್ಮ ಸೊಸೆ
ರಂಜಿತ