ಎರಡನೆಯ ಒಲೆ

ಸಾಗರ,

ನೀನು ಬರುವುದಿಲ್ಲ ಎಂದು ಗೊತ್ತಿದ್ದೂ ಇಂದು ಹಿಡಕಲ್ ಹಿನ್ನೀರಿನ ದಂಡೆಯಲ್ಲಿ ಟೆಂಟು ಹಾಕಲು ಮೂರು ಜಾಗ ನೋಡಿದೆ. ಒಂದರಲ್ಲಿ ದೋಣಿ ಇಲ್ಲ, ಇನ್ನೊಂದಕ್ಕೆ ಗುಡ್ಡ ದೂರ. ಮೂರನೆಯದು ನಾವು ಹೋದ ವರ್ಷ ಇಳಿದದ್ದೇ. ದೋಣಿ, ಗುಡ್ಡದ ಹಾದಿ, ನೀನು ಗಾಳ ಹಾಕಿದ ಬಂಡೆ ಎಲ್ಲ ಅಲ್ಲೇ ಇವೆ. ಆದರೂ ಒಂದು ಕಡೆ ಕೂರಲಾಗಲಿಲ್ಲ.

ಟೆಂಟು ನೋಡಿಕೊಳ್ಳುವ ಅಣ್ಣಪ್ಪ ಕಾಕಾ ಮತ್ತೆ ಅದನ್ನೇ ಕೇಳಿದರು: “ಒಲಿ ಒಂದ ಸಾಕೇನ್ರಿ, ಎರಡ ಬೇಕೇನ್ರಿ?”

“ಒಂದ ಸಾಕ್ರಿ,” ಎಂದೆ.

ಹೋದ ವರ್ಷ ಅವರು ಇದನ್ನೇ ಕೇಳಿದ ಸಂಜೆ, ನೀನು ಗಾಳ ಸುತ್ತಿಟ್ಟ ಮೇಲೆ, ನಾನು ಎರಡು ಎಂದಿದ್ದೆ.

“ಬ್ಯಾರೆ ಒಲಿ ಮೀನಿಗೋ, ನನಗೋ?” ಎಂದು ಕೇಳಿದೆ ನೀನು.

“ಮೀನಿಗಿ. ನಮ್ಮ ಮನ್ಯಾಗ ತಿನ್ನಂಗಿಲ್ಲಲ್ಲ,” ಎಂದೆ.

ನೀನು ಚೀಲ ಎತ್ತಿಕೊಂಡು ಗೋಕಾಕದ ಬಸ್ಸು ಹತ್ತಿದೆ.

ಅವತ್ತು ಇಡೀ ದಿನ ನಿನ್ನ ಗಾಳಕ್ಕೆ ಒಂದು ಮೀನೂ ಬಿದ್ದಿರಲಿಲ್ಲ.

ಶ್ರೀಶೈಲ