ಕೊಳ ಬಿಟ್ಟು ಗುಡ್ಡದೊಳಗೆ

ಮಾರ್ಚ್ ೧೨, ಬುಧವಾರ

ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ನಾನು ನಕ್ಷೆಯಲ್ಲಿ ಗುರುತಿಸಿದ ವೇಗದ ರೈಲಿನ ದಾರಿ ಅಕ್ಕ ಈಜು ಕಲಿಸುವ ಕೊಳದ ಮೇಲೇ ಹಾದುಹೋಗುತ್ತಿತ್ತು. ಅದು ಗೊತ್ತಾದಾಗಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು.

ಇವತ್ತು ರೈಲು ದಾರಿಯ ಬಗ್ಗೆ ಊರವರ ಮಾತು ಕೇಳಲು ನಾವು ಕರೆದಿದ್ದ ತುಂಬಿದ ಸಭೆಯಲ್ಲಿ ಎದ್ದು ನಿಂತು, "ಬೇರೆ ದಾರಿನೇ ಇಲ್ವಾ, ಇಂಜಿನಿಯರ್ ಮೇಡಂ?" ಅಂದಳು. ನಾನು ಮೇಡಂ ಅಂತೆ! ಪಕ್ಕದಲ್ಲಿದ್ದ ನಮ್ಮ ಸಾಹೇಬರು 'ಇಲ್ಲ ಅನ್ನಿ' ಎಂದು ಕಣ್ಣಲ್ಲೇ ಗದರಿದರು.

"ಇದೆ," ಅಂದುಬಿಟ್ಟೆ. "ಗುಡ್ಡದೊಳಗೆ ಸುರಂಗ ಕೊರೆದ್ರೆ ಕೊಳ ಉಳಿಯುತ್ತೆ. ಖರ್ಚು ಜಾಸ್ತಿ, ಅಷ್ಟೇ." ಸಭೆಯೆಲ್ಲ ಹೋ ಎಂದಿತು.

ಸಂಜೆ ಸಾಹೇಬರು ಕರೆದಾಗ ಕೆಲಸ ಹೋಯಿತು ಅಂದುಕೊಂಡೆ. "ಸುರಂಗದ ನಕ್ಷೆ ಮಾಡ್ಕೊಂಡು ಬನ್ನಿ, ಬೈಯೋದು ಆಮೇಲೆ," ಅಂದರು!

ಹೊರಗೆ ಕಾಯುತ್ತಿದ್ದ ಅಕ್ಕ ಬೆನ್ನಿಗೊಂದು ಗುದ್ದಿದಳು. "ಈಜೋಕೆ ಬರದಿದ್ರೂ ಧುಮುಕೋ ಧೈರ್ಯ ಇದೆ ಕಣೇ ನಿಂಗೆ!"

ಆ ಗುಡ್ಡದೊಳಗಿನ ಬಂಡೆ ಹೇಗಿದೆಯೋ! ನಾಳೆ ಬೆಳಗ್ಗೆಯೇ ಹತ್ತಿ ನೋಡಬೇಕು. ಮೊದಲು ಸುರಂಗದ ಬಾಯಿ ಎಲ್ಲಿ...