ತೆರೆ ಏಳುವ ಮುಂಚಿನ ಒದೆ

ಗೋಥೆನ್‌ಬರ್ಗ್, ಮಂಗಳವಾರ

ಗುನ್ವೋರ್,

ಮೂವತ್ತು ವರ್ಷ ನನಗೆ ವೇಷ ತೊಡಿಸಿದವಳು ಈಗ ಮನೆಯಲ್ಲಿ ಕೂತಿದ್ದೀಯ. ಮೊಣಕಾಲು ಹೇಗಿದೆ?

ಶುಕ್ರವಾರ ಹೊಸ ನಾಟಕದ ಮೊದಲ ಪ್ರದರ್ಶನ. ನನ್ನದು ಅಜ್ಜಿಯ ಪಾತ್ರ, ಆರೇ ಮಾತು. ಹೋದ ನಾಟಕದಲ್ಲಿ ತೆರೆ ಏಳುವ ಮುಂಚೆ ತಂಡದ ಹುಡುಗಿಯರೆಲ್ಲ ಒಳ್ಳೆಯದಾಗಲಿ ಅಂತ ಒಬ್ಬರ ಅಂಡಿಗೊಬ್ಬರು ಒದ್ದುಕೊಂಡರು. ನಾನೂ ಬೆನ್ನು ತಿರುಗಿಸಿ ನಿಂತೆ. "ಅಯ್ಯೋ, ನಿಮಗೆ ಒದೆಯೋದಾ? ನಿಮ್ಮ ಸಿನಿಮಾ ನಮ್ಮಜ್ಜಿ ನೋಡ್ತಿದ್ರು" ಅಂತ ಒಬ್ಬಳು ಕೈಕುಲುಕಿ ಹೋದಳು.

ಶುಕ್ರವಾರ ಸಂಜೆ ಆರು ಗಂಟೆಗೆ ರಂಗಮಂದಿರದ ಹಿಂಬಾಗಿಲಿಗೆ ಬಾ. ಗಟ್ಟಿ ಬೂಟು ಹಾಕಿಕೊಂಡಿರು. ಕಾಲು ನೋಯುತ್ತಿದ್ದರೆ ಮೆಲ್ಲಗೆ ಒದ್ದರೂ ಸಾಕು.

ಒದೆ ತಿಂದವರು ಥ್ಯಾಂಕ್ಸ್ ಹೇಳಿದರೆ ನಾಟಕ ಕೆಡುತ್ತದೆ ಅಂತ ನೀನೇ ಬಯ್ಯುತ್ತಿದ್ದೆ. ಅದಕ್ಕೇ ಮೂವತ್ತು ವರ್ಷ ನಿನ್ನ ಒದೆ ತಿಂದೂ ಹೇಳಲಿಲ್ಲ. ಶುಕ್ರವಾರವೂ ಹೇಳುವುದಿಲ್ಲ.

ಇವತ್ತು ಇನ್ನೂ ಮಂಗಳವಾರ. ಥ್ಯಾಂಕ್ಸ್, ಗುನ್ವೋರ್.

ನಿನ್ನ
ಸಿಗ್ನೆ